ರಿಜಿಸ್ಟರಿನ ಕೊನೆಯ ಕಾಲಂ

ಸಕಲೇಶಪುರದ ಹತ್ತಿರ ನಮ್ಮಕ್ಕ, ಭಾವ ಹೋಂಸ್ಟೇ ನಡೆಸ್ತಾರೆ. ಐದು ರೂಮು, ಸುತ್ತ ಕಾಫಿ ತೋಟ. ಕೊಯ್ಲಿನ ಸಮಯದಲ್ಲಿ ಎರಡು ದಿನ ರಜೆ ಹಾಕಿ ಹೋಗಿದ್ದೆ. ಕೈಗೆ ಕಾಫಿ ಬರೋ ಮುಂಚೆಯೇ ಭಾವ ಫೋನ್ ಚಾಚಿದ್ರು.

"ನೀನು ಸಾಫ್ಟ್‌ವೇರ್‌ನವಳಲ್ವಾ? ಬ್ಯಾಂಕಿನವರು ಏನೋ ಕಳ್ಸಿದಾರೆ. ಎಲ್ಲದಕ್ಕೂ 'ಹೌದು' ಅಂತ ಒತ್ತಿಬಿಡು ಮಾರಾಯ್ತಿ."

ಅದು ಪಿಸಿಐ ಡಿಎಸ್‌ಎಸ್ ಪ್ರಶ್ನಾವಳಿ. ಬೆಂಗಳೂರಿನ ಆಫೀಸಲ್ಲಿ ಈ ಹೆಸರು ಕೇಳಿ ಕೇಳಿ ಸಾಕಾಗಿದ್ದರೂ, ಅದು ದೊಡ್ಡ ಕಂಪನಿಗಳ ತಲೆನೋವು ಅಂತಲೇ ನಾನು ತಿಳಿದಿದ್ದೆ. ಕಾರ್ಡ್ ಮಾಹಿತಿಯನ್ನು ವ್ಯಾಪಾರಿಗಳು ಹೇಗೆ ಕಾಪಾಡಬೇಕು ಅನ್ನೋ ನಿಯಮಗಳ ಕಟ್ಟು ಇದು. 2004ರಲ್ಲಿ ಶುರುವಾಯಿತು. 2006ರಲ್ಲಿ ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್, ಡಿಸ್ಕವರ್, ಜೆಸಿಬಿ ಸೇರಿ ಇದಕ್ಕಾಗಿಯೇ ಒಂದು ಮಂಡಳಿ ಮಾಡಿಕೊಂಡವು. ಮುಖ್ಯ ನಿಯಮಗಳು 12. ಸರ್ಕಾರದ ಕಾನೂನಲ್ಲ, ಆದರೆ ಸ್ವೈಪಿಂಗ್ ಮೆಷಿನ್ ತಗೊಳ್ಳುವಾಗ ಬ್ಯಾಂಕಿನ ಒಪ್ಪಂದಕ್ಕೆ ಸಹಿ ಹಾಕ್ತೀವಲ್ಲ, ಅಲ್ಲಿಂದ ನಮ್ಮನ್ನೂ ಕಟ್ಟಿಹಾಕುತ್ತೆ. ಐದು ರೂಮಿನ ಹೋಂಸ್ಟೇಗೂ ಬಿಡುಗಡೆ ಇಲ್ಲ.

ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಆಮೇಲೆ ಒಂದು ಬಂತು: ಹಣ ಪಡೆದ ಮೇಲೆ ಕಾರ್ಡಿನ ಹಿಂಬದಿಯ ಮೂರು ಅಂಕಿಗಳನ್ನು ಎಲ್ಲಾದರೂ ಉಳಿಸಿಕೊಳ್ತೀರಾ?

"ಇಲ್ಲ," ಅಂದ್ರು ಭಾವ.

"ರಿಜಿಸ್ಟರಲ್ಲಿ ಬರೀತೀವಲ್ರೀ," ಅಂತ ಅಡುಗೆಮನೆಯಿಂದ ಅಕ್ಕನ ದನಿ.

ರಿಜಿಸ್ಟರ್ ತಂದು ತೆಗೆದೆ. ನಮ್ಮ ದೇಶದ ಕಾರ್ಡಾದರೆ ಓಟಿಪಿ ಬೇಕು, ಬರೆದಿಟ್ಟು ಪ್ರಯೋಜನ ಇಲ್ಲ. ಆದರೆ ವಿದೇಶದ ಅತಿಥಿಗಳು ಅಡ್ವಾನ್ಸಿಗೆ ಅಂತ ಕಾರ್ಡಿನ ವಿವರವನ್ನು ಫೋನಲ್ಲೋ ಮೇಲಲ್ಲೋ ಕೊಡ್ತಾರೆ, ಭಾವ ಅದನ್ನು ಮೆಷಿನ್‌ಗೆ ಒತ್ತುತ್ತಾರೆ. ಹೆಸರು, ನಂಬರು, ಅವಧಿ, ಕೊನೆಯ ಕಾಲಮಿನಲ್ಲಿ ಆ ಮೂರು ಅಂಕಿ. ಅಕ್ಕನ ಮುದ್ದಾದ ಅಕ್ಷರದಲ್ಲಿ 2019ರಿಂದ!

ಕಾರ್ಡ್ ನಂಬರನ್ನು ನಿಜವಾದ ಅಗತ್ಯ ಇದ್ದರೆ, ಬೇರೆಯವರಿಗೆ ಓದಲಾಗದ ಹಾಗೆ ಇಟ್ಟುಕೊಳ್ಳಬಹುದು. ಹಿಂಬದಿಯ ಅಂಕಿಗಳನ್ನು ಮಾತ್ರ ವಹಿವಾಟು ಮುಗಿದ ಮೇಲೆ ವ್ಯಾಪಾರಿ ಯಾವ ರೂಪದಲ್ಲೂ ಇಟ್ಟುಕೊಳ್ಳೋ ಹಾಗಿಲ್ಲ. ಅತಿಥಿಯೇ ಒಪ್ಪಿದರೂ ಇಲ್ಲ. ಯಾಕೆಂದರೆ ಆ ಅಂಕಿ ಕಾರ್ಡಿನ ಕಪ್ಪು ಪಟ್ಟಿಯೊಳಗೆ ಇರಲ್ಲ, ಮೇಲೆ ಅಚ್ಚಾಗಿರುತ್ತೆ ಅಷ್ಟೆ. ಹೇಳುತ್ತಿರುವವರ ಕೈಯಲ್ಲಿ ನಿಜವಾಗಿ ಕಾರ್ಡಿದೆ ಅನ್ನೋದಕ್ಕೆ ಅದು ಗುರುತು. ರಿಜಿಸ್ಟರಿಗೆ ಇಳಿದ ಮೇಲೆ ಆ ಗುರುತಿಗೆ ಏನು ಬೆಲೆ?

ಭಾವ ಇದ್ದಕ್ಕಿದ್ದಂತೆ ಸುಮ್ಮನಾದರು. ಕಾರಣ ಅಕ್ಕ ರಾತ್ರಿ ಹೇಳಿದಳು. ಎರಡು ತಿಂಗಳ ಹಿಂದೆ ಉಳಿದು ಹೋಗಿದ್ದ ಜರ್ಮನಿಯ ಹೆಂಗಸೊಬ್ಬರು ಮೇಲ್ ಮಾಡಿದ್ದರಂತೆ. ತನ್ನ ಕಾರ್ಡಲ್ಲಿ ಯಾರೋ ಖರೀದಿ ಮಾಡಿದ್ದಾರೆ, ನಿಮ್ಮಲ್ಲಿ ಏನಾದರೂ ಆಗಿತ್ತಾ ಅಂತ. ಭಾವನ ಅನುಮಾನ ನೇರ ಹೋಗಿದ್ದು ಕೌಂಟರಲ್ಲಿ ಕೂರುತ್ತಿದ್ದ ಹುಡುಗನ ಮೇಲೆ. ಒಂದು ಮಾತೂ ಕೇಳದೆ ಡ್ರಾಯರ್ ಕೀ ಇಸಕೊಂಡು ಅವನನ್ನು ಕಾಫಿ ಒಣಗಿಸೋ ಕಣಕ್ಕೆ ಕಳಿಸಿದ್ದರು.

"ಆ ಡ್ರಾಯರ್‌ಗೆ ಬೀಗ ಹಾಕ್ತಿದ್ರಾ ಭಾವ?" ಬೆಳಿಗ್ಗೆ ಕೇಳಿದೆ.

"ಹಗಲು ಯಾರು ಹಾಕ್ತಾರೆ?"

ಲೆಕ್ಕ ಹಾಕಿದೆವು. ಅಕ್ಕ, ಭಾವ, ಆ ಹುಡುಗ, ತಿಂಗಳಿಗೊಮ್ಮೆ ಬರೋ ಲೆಕ್ಕದವರು, ಜೀಪಿನ ಡ್ರೈವರ್. ಹೋದ ಸಲ ವೈಫೈ ಪಾಸ್‌ವರ್ಡ್ ಬರೆದುಕೊಳ್ಳೋಕೆ ನಾನೇ ಆ ರಿಜಿಸ್ಟರ್ ಎಳೆದಿದ್ದೆ. ಯಾರು ಯಾವಾಗ ಏನು ನೋಡಿದರು ಅಂತ ಗೊತ್ತಾಗಲಿ ಎಂದೇ ನಿಯಮ ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಕೇಳುತ್ತೆ. ಆಫೀಸಲ್ಲಿ ಇದನ್ನು ಬೈದುಕೊಂಡೇ ಪಾಲಿಸಿದವಳು ನಾನು. ತಪ್ಪು ಮಾಡದವನನ್ನೂ ಅದು ಕಾಪಾಡುತ್ತೆ ಅಂತ ಹೊಳೆದಿರಲಿಲ್ಲ.

2013ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಹೋಯಿತು. ಕಳ್ಳರು ಒಳಬಂದದ್ದು ಅಲ್ಲಿನ ಶೀತಲ ಯಂತ್ರಗಳ ಗುತ್ತಿಗೆದಾರರ ಲಾಗಿನ್ ಮೂಲಕ. ಇದನ್ನು ಹೇಳಿದರೆ ಭಾವ, "ಅಂಥವರಿಗೇ ಹಂಗಾದ್ರೆ ನಮ್ಮದೇನು ಬಿಡು," ಅಂದ್ರು. ನನ್ನ ಉದಾಹರಣೆ ಕೆಲಸ ಮಾಡಲಿಲ್ಲ.

ಕೆಲಸ ಮಾಡಿದ್ದು ಪ್ರಶ್ನೆಗಳ ಸಂಖ್ಯೆ. ಕಾರ್ಡ್ ಮಾಹಿತಿ ಕೂಡಿಟ್ಟುಕೊಳ್ಳೋ ವ್ಯಾಪಾರಿಗೆ 'ಡಿ' ನಮೂನೆ, 200ಕ್ಕೂ ಹೆಚ್ಚು ಪ್ರಶ್ನೆ. ಏನೂ ಇಟ್ಟುಕೊಳ್ಳದವರಿಗೆ ಅದರ ಸಣ್ಣ ಭಾಗ ಸಾಕು. "ಹಂಗಾದ್ರೆ ಇಡೋದೇ ಬೇಡ," ಅಂದ್ರು ಭಾವ. ಇಡೀ ಪಿಸಿಐನಲ್ಲಿ ನನಗೆ ಇಷ್ಟವಾದ ಮಾತು ಅದೇ, ಇಲ್ಲದ್ದನ್ನು ಯಾರೂ ಕದಿಯೋಕಾಗಲ್ಲ. ರಿಸರ್ವ್ ಬ್ಯಾಂಕ್ 2022ರ ಅಕ್ಟೋಬರ್ 1ರಿಂದ ಆನ್‌ಲೈನ್ ಅಂಗಡಿಗಳು ನಮ್ಮ ಕಾರ್ಡ್ ನಂಬರ್ ಇಟ್ಟುಕೊಳ್ಳದಂತೆ ಮಾಡಿ ಟೋಕನ್ ತಂದದ್ದೂ ಇದಕ್ಕೇ. ಶಾಪಿಂಗ್ ಆ್ಯಪ್‌ನಲ್ಲಿ ಕಾರ್ಡ್ ಸೇವ್ ಮಾಡ್ಲಾ ಅಂತ ಒಪ್ಪಿಗೆ ಕೇಳುತ್ತಲ್ಲ, ಆಗ ಉಳಿಯೋದು ನಂಬರಲ್ಲ, ಟೋಕನ್.

ರಿಜಿಸ್ಟರನ್ನು ತಕ್ಷಣ ಸುಡಲಿಲ್ಲ. ದೂರು ಬಂದಿರುವಾಗ ಸುಟ್ಟರೆ ಏನನ್ನೋ ಮುಚ್ಚಿಟ್ಟ ಹಾಗೆ. ಮೊದಲು ಬ್ಯಾಂಕಿಗೆ ಬರೆದು ತಿಳಿಸಿದೆವು. ಅವರು ಸರಿ ಅಂದ ಮೇಲೆ ಆ ಹಾಳೆಗಳು ಬಚ್ಚಲೊಲೆಗೆ ಹೋದವು. ಅಕ್ಕನ ಫೋನಲ್ಲಿ 11 ಕಾರ್ಡುಗಳ ಫೋಟೋ ಸಿಕ್ಕವು. ಗ್ಯಾಲರಿ, ಟ್ರಾಶ್, ಕ್ಲೌಡ್ ಬ್ಯಾಕಪ್, ಹಳೇ ಮೇಲ್ ಎಲ್ಲಾ ಅಳಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಈಗ ಅಡ್ವಾನ್ಸಿಗೆ ಪೇಮೆಂಟ್ ಲಿಂಕ್ ಕಳಿಸ್ತಾರೆ. ಅತಿಥಿ ನೇರ ಗೇಟ್‌ವೇ ಪುಟದಲ್ಲಿ ನಂಬರ್ ಹಾಕ್ತಾರೆ, ನಮ್ಮ ಕಣ್ಣಿಗೆ ಬೀಳೋದೇ ಇಲ್ಲ.

ಜರ್ಮನಿಗೆ ಮೇಲ್ ಬರೆಯೋಕೆ ಭಾವನಿಗೆ ಎರಡು ದಿನ ಬೇಕಾಯಿತು. "ನಿಮ್ಮ ಕಾರ್ಡಿನ ವಿವರ ಬರೆದಿಟ್ಟುಕೊಂಡಿದ್ದೆವು, ಹಾಗೆ ಮಾಡಬಾರದಿತ್ತು. ನಮ್ಮಿಂದಲೇ ಹೋಯಿತಾ ಅಂತ ಹೇಳೋಕೆ ನಮ್ಮ ಹತ್ತಿರ ದಾರಿ ಇಲ್ಲ" ಅಂತ ಹೇಳಿ ನನ್ನ ಕೈಲಿ ಇಂಗ್ಲಿಷ್ ಮಾಡಿಸಿದರು. ಆಕೆ ಥ್ಯಾಂಕ್ಸ್ ಹೇಳಿ ಎರಡು ಸಾಲು ಬರೆದರು. ಮತ್ತೆ ಬರ್ತೀನಿ ಅಂತೇನೂ ಬರೆದಿರಲಿಲ್ಲ.

ನಾನು ಹೊರಡೋ ದಿನ ಭಾವ ಕಣಕ್ಕೆ ಹೋಗಿ ಆ ಹುಡುಗನಿಗೆ ಕೀ ಚಾಚಿದರು. ಅವನು ಕುಂಟೆ ಎಳೆಯೋದು ನಿಲ್ಲಿಸಲಿಲ್ಲ.

"ಬೇಡ ಅಣ್ಣ," ಅಂದ. "ಇಲ್ಲೇ ಆರಾಮಾಗಿದೀನಿ."