ಟೋಕಿಯೊ ಟಾಕೀಸಿನಲ್ಲಿ ಕನ್ನಡದ ‘ಚಾರ್ಲಿ’

“ಅಪ್ಪ, ಇಲ್ಲಿ ಕನ್ನಡ ಸಿನಿಮಾ ಬಂದಿದೆ. ಹೋಗೋಣ್ವಾ?” ಎಂದು ಮಗಳು ಕೇಳಿದಾಗ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ನಾನಿದ್ದದ್ದು ಟೋಕಿಯೊದಲ್ಲಿ, ಅವಳ ಮನೆಯಲ್ಲಿ. ಆದರೆ ಮಾತು ನಿಜ. ಕಿರಣ್‌ರಾಜ್ ನಿರ್ದೇಶಿಸಿ, ರಕ್ಷಿತ್ ಶೆಟ್ಟಿ ನಟಿಸಿದ ‘777 ಚಾರ್ಲಿ’ 2024ರ ಜೂನ್ ಕೊನೆಯಲ್ಲಿ ಜಪಾನಿನಲ್ಲಿ ಬಿಡುಗಡೆಯಾಗಿತ್ತು.

ಹನ್ನೊಂದು ವರ್ಷದ ಮೊಮ್ಮಗನಿಗೆ ಅಷ್ಟೇನೂ ಉತ್ಸಾಹವಿರಲಿಲ್ಲ. ಅವನು ಹುಟ್ಟಿ ಬೆಳೆದದ್ದು ಅಲ್ಲೇ. ನಾನು ಕನ್ನಡದಲ್ಲಿ ಕೇಳಿದರೆ ಜಪಾನಿಯಲ್ಲಿ ಉತ್ತರ ಕೊಡುತ್ತಾನೆ. “ಕನ್ನಡ ಕಲಿಯೋ” ಎಂದರೆ, “ಇಲ್ಲಿ ಯಾರು ಮಾತಾಡ್ತಾರೆ ತಾತ?” ಎನ್ನುತ್ತಾನೆ. ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಟಿಕೆಟಿಗೆ ನೂಕುನುಗ್ಗಲಿಲ್ಲ. ಯಂತ್ರದ ಪರದೆಯ ಮೇಲೆ ಬೇಕಾದ ಸೀಟು ಒತ್ತಿದರಾಯಿತು. ದೊಡ್ಡವರಿಗೆ ಸುಮಾರು 2,000 ಯೆನ್, ಅಂದರೆ ನಮ್ಮ ಸಾವಿರ ರೂಪಾಯಿಗೂ ಮೇಲೆ! ಮಕ್ಕಳಿಗೂ 60 ದಾಟಿದವರಿಗೂ ರಿಯಾಯಿತಿ ಉಂಟು. ಹೀಗಾಗಿ ನಾನು, ಮೊಮ್ಮಗ ಕಡಿಮೆ ದರದಲ್ಲಿ ಪಾರಾದೆವು. ಪೂರ್ತಿ ದುಡ್ಡು ಕೊಟ್ಟವಳು ಮಗಳು.

ಒಳಗೆ ದೀಪ ಆರಿತು. ಪರದೆಯ ಮೇಲೆ ತಲೆಯ ಬದಲು ಕ್ಯಾಮೆರಾ ಇರುವ, ಕೋಟು ತೊಟ್ಟ ಒಬ್ಬ ಮನುಷ್ಯ ವಿಚಿತ್ರವಾಗಿ ಕುಣಿಯುತ್ತಾ ಬಂದ. ತಲೆಯ ಜಾಗದಲ್ಲಿ ಕೆಂಪು ದೀಪವಿದ್ದ ಇನ್ನೊಬ್ಬ ಅವನನ್ನು ಹಿಡಿದ. ಸಿನಿಮಾವನ್ನು ಕದ್ದು ಚಿತ್ರೀಕರಿಸಬೇಡಿ ಎಂಬ ಎಚ್ಚರಿಕೆಯಂತೆ ಅದು. ನಾನು ಜೋರಾಗಿ ನಕ್ಕುಬಿಟ್ಟೆ. “ತಾತಾ, ಶ್!” ಎಂದು ಮೊಮ್ಮಗ ನನ್ನ ತೊಡೆ ಚಿವುಟಿದ.

ಆಗಲೇ ನನಗೆ ಅಲ್ಲಿನ ಮೌನ ಗಮನಕ್ಕೆ ಬಂದದ್ದು. ಶಿಳ್ಳೆಯಿಲ್ಲ, ಚಪ್ಪಾಳೆಯಿಲ್ಲ, ಮೊಬೈಲ್ ಬೆಳಕೂ ಇಲ್ಲ. ಪಾಪ್‌ಕಾರ್ನ್ ತಿನ್ನುವವರೂ ಸದ್ದಾಗದಂತೆ ತಿನ್ನುತ್ತಿದ್ದರು. ಊರಿನ ಟಾಕೀಸಿನಲ್ಲಿ ಪಕ್ಕದವರಿಗೆ ಕಥೆ ವಿವರಿಸುವುದು ನನ್ನ ಹಳೆಯ ಚಾಳಿ. ಇಲ್ಲಿ ಬಾಯಿಗೆ ಬೀಗ. ಇಂಟರ್‌ವಲ್ ಕೂಡ ಇಲ್ಲ, ಕಾಫಿಗೂ ಏಳುವಂತಿಲ್ಲ!

ಸಿನಿಮಾ ಶುರುವಾಯಿತು. ಮಾತು ಕನ್ನಡ, ಕೆಳಗೆ ಜಪಾನಿ ಅಡಿಬರಹ. ಸುತ್ತಲಿನವರೆಲ್ಲ ಓದುತ್ತಿದ್ದರು, ನಾನು ಕೇಳುತ್ತಿದ್ದೆ. ಒಂಟಿಯಾಗಿದ್ದ ಧರ್ಮನ ಬದುಕಿಗೆ ನಾಯಿಮರಿ ಚಾರ್ಲಿ ಬರುತ್ತದೆ. ಅವರಿಬ್ಬರೂ ಹಿಮ ನೋಡಲು ಹೊರಡುವ ಹೊತ್ತಿಗೆ ಕತ್ತಲಲ್ಲಿ ಅಲ್ಲಲ್ಲಿ ಮೂಗು ಎಳೆಯುವ ಸದ್ದು. ನನ್ನ ಪಕ್ಕದ ಜಪಾನಿ ಅಜ್ಜಿ ಕರವಸ್ತ್ರ ಕಣ್ಣಿಗೊತ್ತಿದ್ದರು. ಮೊಮ್ಮಗ ಸದ್ದಿಲ್ಲದೆ ನನ್ನ ಕೈ ಹಿಡಿದುಕೊಂಡ.

ಕಥೆ ಮುಗಿದರೂ ಯಾರೂ ಏಳಲಿಲ್ಲ. ಕೊನೆಯ ಹೆಸರು ಪರದೆಯಿಂದ ಮರೆಯಾಗಿ ದೀಪ ಹೊತ್ತಿಕೊಳ್ಳುವವರೆಗೆ ಬಹುತೇಕ ಎಲ್ಲರೂ ಕೂತೇ ಇದ್ದರು. ಆಮೇಲೆ ತಂತಮ್ಮ ಖಾಲಿ ಲೋಟ, ಡಬ್ಬಿಗಳನ್ನು ತಾವೇ ಎತ್ತಿಕೊಂಡು ಹೋಗಿ ಬಾಗಿಲಲ್ಲಿ ಕಾದಿದ್ದ ಸಿಬ್ಬಂದಿಗೆ ಕೊಟ್ಟರು.

ಹಿಂದಿರುಗುವಾಗ ಮಗಳು ಎರಡು ಸ್ವಾರಸ್ಯದ ಸಂಗತಿ ಹೇಳಿದಳು. ಮೂಕಿ ಚಿತ್ರಗಳ ಕಾಲದಲ್ಲಿ ಜಪಾನಿನ ಚಿತ್ರಮಂದಿರಗಳು ಹೀಗೆ ನಿಶ್ಶಬ್ದವಾಗಿರಲಿಲ್ಲವಂತೆ. ‘ಬೆನ್ಶಿ’ ಎಂಬ ಕಥೆಗಾರ ಪರದೆಯ ಪಕ್ಕದಲ್ಲಿ ನಿಂತು, ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡುತ್ತಿದ್ದ. ಅವನ ಹೆಸರು ನೋಡಿಯೇ ಟಿಕೆಟ್ ಕೊಳ್ಳುವವರೂ ಇದ್ದರು. ನಮ್ಮ ಹರಿಕಥೆ ದಾಸರ ಹಾಗೆ!

ಎರಡನೆಯದು, ಭಾರತೀಯ ಚಿತ್ರಗಳಿಗೆಂದೇ ಅಲ್ಲಿ ಕೆಲವೊಮ್ಮೆ ‘ಮಸಾಲಾ ಪ್ರದರ್ಶನ’ ಇರುತ್ತದೆ. 1998ರಲ್ಲಿ ರಜನಿಕಾಂತರ ‘ಮುತ್ತು’ ಅಲ್ಲಿ ಮನೆಮಾತಾದ ಮೇಲೆ ನಮ್ಮ ಚಿತ್ರಗಳಿಗೆ ಅಭಿಮಾನಿಗಳು ಹುಟ್ಟಿಕೊಂಡರು. 2023ರಲ್ಲಿ ‘ಕೆಜಿಎಫ್’ನ ಎರಡೂ ಭಾಗಗಳು ಹೋದವು. ಮಸಾಲಾ ಪ್ರದರ್ಶನದಲ್ಲಿ ಕೂಗಬಹುದು, ಬಣ್ಣದ ಕಾಗದದ ಚೂರು ಎರಚಬಹುದು. ಮುಗಿದ ಮೇಲೆ ಎರಚಿದವರೇ ಗುಡಿಸಲೂ ಕೈಜೋಡಿಸುತ್ತಾರೆ.

ಮೊಮ್ಮಗ ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನೆ ನಡೆಯುತ್ತಿದ್ದ. ಮನೆ ಹತ್ತಿರವಾದಾಗ, ಪದ ಹುಡುಕುತ್ತಾ, ಕನ್ನಡದಲ್ಲೇ ಕೇಳಿದ:

“ತಾತ, ಊರಿಗೆ ಬಂದಾಗ ಇನ್ನೊಂದು ಕನ್ನಡ ಸಿನಿಮಾ ನೋಡೋಣ. ಅಲ್ಲಿ ಜಪಾನಿ ಅಕ್ಷರ ಇರಲ್ಲ ಅಲ್ವಾ?”

“ಇರಲ್ಲ ಕಣೋ.”

“ಹಾಗಾದ್ರೆ ನೀನೇ ನನ್ನ ಬೆನ್ಶಿ. ಅಲ್ಲಿ ಮಾತಾಡ್ಬಹುದಲ್ವಾ?”

“ಮೆಲ್ಲಗೆ ಮಾತಾಡ್ತೀನಿ” ಎಂದೆ.