ಕಿರುಡ್ರೋನುಗಳ ಸ್ವದೇಶೀ ನಿರ್ಮಾಣ: ಪಟ್ಟದಕಲ್ಲಿನ ಅಗತ್ಯದ ದೃಷ್ಟಿಯಿಂದ ಒಂದು ವಿವೇಚನೆ

ಪಟ್ಟದಕಲ್ಲಿನ ದೇವಾಲಯಗಳ ನೆತ್ತಿಯನ್ನು ಹತ್ತಿರದಿಂದ ಪರಿಶೀಲಿಸುವುದು ಸುಲಭಸಾಧ್ಯವಲ್ಲ. ವಿರೂಪಾಕ್ಷ, ಮಲ್ಲಿಕಾರ್ಜುನ ದೇವಾಲಯಗಳ ವಿಮಾನಗಳ ಮೇಲ್ಭಾಗದಲ್ಲಾಗಲಿ, ಗಳಗನಾಥದ ನಾಗರ ಶಿಖರದಲ್ಲಾಗಲಿ, ಕಲ್ಲಿನ ಸಂದುಗಳಲ್ಲಿ ಬೇರೂರುವ ಗಿಡಗಳನ್ನೂ ಪದರೆದ್ದ ಮರಳುಗಲ್ಲನ್ನೂ ಗುರುತಿಸಬೇಕಾದರೆ ಅಟ್ಟಣಿಗೆ ಕಟ್ಟಬೇಕು. ಅಟ್ಟಣಿಗೆಯ ಕಂಬ ತಾಗಿದರೆ ಕಲ್ಲಿಗೇ ಅಪಾಯ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಸಮುಚ್ಚಯದೊಳಕ್ಕೆ 2019ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭೆಯ ನೆರೆನೀರು ನುಗ್ಗಿತು. ನೆರೆಗೆ ಮುಂಚೆ ಕಟ್ಟಡದ ಪ್ರತಿಯೊಂದು ಮಗ್ಗುಲು ಹೇಗಿದ್ದಿತು, ಅನಂತರ ಹೇಗಾಯಿತು ಎಂಬುದನ್ನು ಅಳೆದು ಹೇಳಬೇಕಾದರೆ ವರ್ಷವರ್ಷವೂ ಒಂದೇ ಕ್ರಮದಲ್ಲಿ ತೆಗೆದ ಚಿತ್ರಗಳು ಬೇಕು. ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಪಡೆದು, ಒಳ್ಳೆಯ ಕ್ಯಾಮೆರಾ ಹೊತ್ತ ಚಿಕ್ಕದೊಂದು ಡ್ರೋನನ್ನು ಶಿಖರದ ಸುತ್ತ ಹಾರಿಸಿ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ನೂರಾರು ಚಿತ್ರಗಳನ್ನು ತೆಗೆದರೆ, ಅವುಗಳನ್ನು ಗಣಕಯಂತ್ರದಲ್ಲಿ ಹೆಣೆದು ಇಡೀ ಶಿಖರದ ಘನಾಕೃತಿಯನ್ನು ಪಡೆಯಬಹುದು. ಈ ಕಾರ್ಯಕ್ಕೆ ಭಾರಿ ಯಂತ್ರ ಬೇಡ. ಮದುವೆಮನೆಯ ಛಾಯಾಗ್ರಾಹಕನು ಬಳಸತಕ್ಕಂಥ ಕಿರುಡ್ರೋನು ಸಾಕು.

ಅಂಥ ಡ್ರೋನನ್ನು ನಮ್ಮ ದೇಶದಲ್ಲಿಯೇ ಮಾಡುವುದು ಏಕೆ ಇಷ್ಟು ಕಷ್ಟವಾಗಿದೆ ಎಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಕೇಂದ್ರ ಸರಕಾರವು 2022ರ ಫೆಬ್ರುವರಿ 9ರಂದು ಹೊರಡಿಸಿದ ಅಧಿಸೂಚನೆಯಿಂದ ಪೂರ್ಣ ರೂಪದ ವಿದೇಶೀ ಡ್ರೋನುಗಳ ಆಮದು ನಿಷಿದ್ಧವಾಯಿತು. ಬಿಡಿಯಾಗಿ ತಂದು ಇಲ್ಲಿ ಜೋಡಿಸತಕ್ಕ ಕಟ್ಟುಗಳಿಗೂ ಅದೇ ನಿಷೇಧ. ರಕ್ಷಣೆ, ಭದ್ರತೆ ಮತ್ತು ಸಂಶೋಧನೆಗಳಿಗೆ ಮಾತ್ರ ವಿನಾಯಿತಿಯುಂಟು; ವಿದ್ಯಾಸಂಸ್ಥೆಗಳು ಸಂಶೋಧನೆಗೆಂದು ಪರವಾನಗಿ ಪಡೆದು ತರಿಸಬಹುದು. ಆದರೆ ಬಿಡಿಭಾಗಗಳ ಆಮದಿಗೆ ಅಡ್ಡಿಯಿಲ್ಲ. ಯಂತ್ರವನ್ನು ತಡೆದು ಭಾಗಗಳನ್ನು ಬಿಟ್ಟ ಈ ನೀತಿಯ ಒಳಗೇ ನಮ್ಮ ಕೈಗಾರಿಕೆಯ ನಿಜಸ್ಥಿತಿ ಅಡಗಿದೆ.

ಮೊದಲು ಯಂತ್ರದ ಸ್ವರೂಪವನ್ನು ತಿಳಿಯೋಣ. 2021ರ ಡ್ರೋನ್ ನಿಯಮಗಳು 250 ಗ್ರಾಮಿನವರೆಗಿನ ಡ್ರೋನನ್ನು ಅತಿ ಚಿಕ್ಕ ವರ್ಗಕ್ಕೆ ಸೇರಿಸಿ, ಅದಕ್ಕೆ ಮಾದರಿ ಪ್ರಮಾಣಪತ್ರವಾಗಲಿ ಚಾಲಕ ಪ್ರಮಾಣಪತ್ರವಾಗಲಿ ಬೇಡವೆಂದವು. ಆದುದರಿಂದ ಜನಬಳಕೆಯ ಡ್ರೋನಿನ ನಿರ್ಮಾಪಕನಿಗೆ ಈ 250 ಗ್ರಾಮೇ ಲಕ್ಷ್ಮಣರೇಖೆ. ಆರು ಸೆಂಟಿಮೀಟರು ತ್ರಿಜ್ಯದ ನಾಲ್ಕು ಪ್ರೊಪೆಲ್ಲರುಗಳ ಮೇಲೆ ಇಷ್ಟು ತೂಕ ಗಾಳಿಯಲ್ಲಿ ನಿಲ್ಲಬೇಕಾದರೆ, ಲೆಕ್ಕದ ಪ್ರಕಾರ ಸುಮಾರು 12 ವ್ಯಾಟ್ ಶಕ್ತಿ ಬೇಕು. ಪ್ರೊಪೆಲ್ಲರು, ಮೋಟಾರುಗಳ ನಷ್ಟವನ್ನು ಸೇರಿಸಿದರೆ ಇದು ಇಮ್ಮಡಿಗೂ ಮಿಕ್ಕು 27 ವ್ಯಾಟಿನಷ್ಟಾಗುತ್ತದೆ. ಒಟ್ಟು ತೂಕದಲ್ಲಿ ಬ್ಯಾಟರಿಗೆ 80 ಗ್ರಾಮುಗಳನ್ನು ಬಿಟ್ಟುಕೊಟ್ಟೆವೆನ್ನೋಣ. ಕಿಲೋಗ್ರಾಮಿಗೆ 210 ವ್ಯಾಟ್-ಗಂಟೆ ಹಿಡಿಯುವ ಲಿಥಿಯಂ ಕೋಶಗಳಾದರೆ ಡ್ರೋನು 37 ನಿಮಿಷ ನಿಂತೀತು. 150 ಹಿಡಿಯುವ ಕೋಶಗಳಾದರೆ 27 ನಿಮಿಷಕ್ಕೆ ಇಳಿಯಬೇಕು. ಕೋಶ ಸ್ವಲ್ಪ ಕೀಳಾಯಿತೆಂದು ಎರಡು ಕೋಶ ಹೆಚ್ಚಾಗಿ ಇಡೋಣವೆಂದರೆ ತೂಕ ರೇಖೆಯನ್ನು ದಾಟುತ್ತದೆ.

ಬಾದಾಮಿ ಸೀಮೆಯ ಬೇಸಗೆಯನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಸಮುದ್ರಮಟ್ಟದಿಂದ ಅರ್ಧ ಕಿಲೋಮೀಟರಿಗೂ ತುಸು ಮೇಲಿರುವ ಈ ಊರಿನಲ್ಲಿ ತಾಪ 40 ಡಿಗ್ರಿಗೆ ಏರಿದಾಗ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.06 ಕಿಲೋಗ್ರಾಮು, ಗ್ರಂಥಗಳಲ್ಲಿ ಹೇಳಿರುವ 1.225ಕ್ಕಿಂತ ಸುಮಾರು ಏಳನೆಯ ಒಂದು ಪಾಲು ಕಡಿಮೆ. ಅದೇ ತೂಕವನ್ನು ಎತ್ತಲು ಶೇಕಡಾ 7ರಿಂದ 8ರಷ್ಟು ಹೆಚ್ಚು ಶಕ್ತಿ ವ್ಯಯವಾಗುತ್ತದೆ. ತಂಪು ದೇಶದ ಸಮುದ್ರತೀರದಲ್ಲಿ ಪರೀಕ್ಷಿಸಿ ಬರೆದ ಅಂಕಿಗಳನ್ನು ನಂಬಿ ಇಲ್ಲಿ ಶಿಖರದ ಮೇಲೆ ಹಾರಿಸುವವರು ಈ ವ್ಯತ್ಯಾಸವನ್ನು ಮರೆಯಬಾರದು.

ಇನ್ನು ಭಾಗಗಳ ವಿಚಾರ. ಚೌಕಟ್ಟು, ಪ್ರೊಪೆಲ್ಲರು, ತಂತಿಜಾಲ ಇವುಗಳನ್ನು ಮಾಡುವುದು ನಮಗೆ ಅಸಾಧ್ಯವಲ್ಲ. ಹಾರಾಟವನ್ನು ನಿಯಂತ್ರಿಸುವ ತಂತ್ರಾಂಶವೂ ದುರ್ಲಭವಲ್ಲ. ಆರ್ಡುಪೈಲಟ್, ಪಿಎಕ್ಸ್4 ಮೊದಲಾದವುಗಳ ಮೂಲಲಿಪಿ ಯಾರು ಬೇಕಾದರೂ ಓದಿ ತಿದ್ದಬಹುದಾದಂತೆ ತೆರೆದಿದೆ. ತೊಡಕು ಇರುವುದು ಮೋಟಾರಿನೊಳಗಿನ ನಿಯೋಡಿಮಿಯಂ ಅಯಸ್ಕಾಂತದಲ್ಲಿ, ಬ್ಯಾಟರಿಯ ಕೋಶದಲ್ಲಿ, ಓಲಾಟವನ್ನು ಅಳೆಯುವ ಅಕ್ಕಿಕಾಳಿನಂಥ ಸಂವೇದಕದಲ್ಲಿ, ಕ್ಯಾಮೆರಾದ ಬೆಳಕು ಹಿಡಿಯುವ ಫಲಕದಲ್ಲಿ. ಇವೆಲ್ಲವೂ ಬಹುಮಟ್ಟಿಗೆ ಹೊರಗಿನಿಂದಲೇ ಬರುತ್ತವೆ.

ಇಲ್ಲಿ ಪಟ್ಟದಕಲ್ಲಿನ ಇತಿಹಾಸ ನೆನಪಿಗೆ ಬರುವುದು ಸಹಜ. ಎಂಟನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ಸ್ಮರಣೆಗಾಗಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಕಂಚಿಯ ಕೈಲಾಸನಾಥ ದೇವಾಲಯದ ಛಾಯೆಯಿದೆಯೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಎಂದರೆ ಆಕೃತಿಯ ಪ್ರೇರಣೆ ಹೊರಗಿನದು. ಕಲ್ಲು ಮಾತ್ರ ಸಮೀಪದ ಗುಡ್ಡದ್ದು. ಅನಿವಾರಿತಾಚಾರಿಯೆಂಬ ಬಿರುದಿನ ಗುಂಡನೆಂಬ ಸೂತ್ರಧಾರಿಯ ಹೆಸರು ಅಲ್ಲಿಯ ಶಾಸನದಲ್ಲಿ ಉಳಿದುಬಂದಿದೆ. ಡ್ರೋನಿನ ವಿಷಯದಲ್ಲಿ ನಮ್ಮ ಸ್ಥಿತಿ ಇದಕ್ಕೆ ತಿರುಗುಮುರುಗು. ನಕ್ಷೆ ಎಲ್ಲರಿಗೂ ಲಭ್ಯ, ಸೂತ್ರಧಾರಿಗಳಿಗೆ ಕೊರತೆಯಿಲ್ಲ, ಕಲ್ಲೇ ನಮ್ಮದಲ್ಲ.

ಹೊರಗಿನ ಸಾಮಗ್ರಿಯನ್ನು ಬಳಸಿದರೆ ವಸ್ತು ಸ್ವದೇಶಿಯಾಗುವುದಿಲ್ಲವೆ ಎಂದು ವಾಚಕರು ಕೇಳಬಹುದು. ಇಳಕಲ್ಲಿನ ನೇಕಾರನೂ ಹತ್ತಿ ನೂಲನ್ನು, ರೇಷ್ಮೆಯನ್ನು ಹೊರಗಿನಿಂದಲೇ ಕೊಳ್ಳುತ್ತಾನೆ. ಆದರೂ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆಗಳಿಂದ ಕೂಡಿಸುವ ಅವನ ಕೌಶಲದಿಂದ ಸೀರೆ ಇಳಕಲ್ಲಿನದೇ ಆಗುತ್ತದೆ. ಭೇದವೇನೆಂದರೆ, ಒಂದು ಗಿರಣಿ ನೂಲು ಕೊಡದಿದ್ದರೆ ಇನ್ನೊಂದು ಕೊಡುತ್ತದೆ. ಅಪರೂಪದ ಧಾತುಗಳ ಅಯಸ್ಕಾಂತಗಳಲ್ಲಿ ಜಗತ್ತಿನ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಚೀನ ದೇಶವೊಂದರಲ್ಲಿಯೇ ತಯಾರಾಗುತ್ತದೆ. ಆ ದೇಶವು 2025ರ ಏಪ್ರಿಲಿನಲ್ಲಿ ಏಳು ಧಾತುಗಳಿಗೂ ಅವುಗಳಿಂದಾದ ಅಯಸ್ಕಾಂತಗಳಿಗೂ ರಫ್ತಿನ ಪರವಾನಗಿಯನ್ನು ಕಡ್ಡಾಯಮಾಡಿದಾಗ ಅನೇಕ ದೇಶಗಳ ಕಾರ್ಖಾನೆಗಳು ಚಿಂತೆಗೀಡಾದುವು. ಪರಾವಲಂಬನೆಯ ಕೇಡು ಆಮದಿನಲ್ಲಿಲ್ಲ, ಮಾರುವವನು ಒಬ್ಬನೇ ಆಗಿರುವುದರಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಭಾರತ ಸರಕಾರವು ಅದೇ ವರ್ಷದ ನವೆಂಬರಿನಲ್ಲಿ ಅಯಸ್ಕಾಂತಗಳ ತಯಾರಿಕೆಗೆ 7,280 ಕೋಟಿ ರೂಪಾಯಿಗಳ ಯೋಜನೆಯನ್ನು ಮಂಜೂರು ಮಾಡಿತು. ಅದರ ಫಲ ಕೈಗೆ ಬರಲು ಕಾಲ ಹಿಡಿಯುತ್ತದೆ.

ಎರಡನೆಯ ತೊಡಕು ಸಂಖ್ಯೆಯದು. ಡ್ರೋನಿನ ಕವಚವನ್ನು ಎರಕ ಹೊಯ್ಯುವ ಉಕ್ಕಿನ ಅಚ್ಚಿಗೆ ಹತ್ತು ಲಕ್ಷ ರೂಪಾಯಿ ತಗಲುತ್ತದೆಂದು ಭಾವಿಸೋಣ. ಸಾವಿರ ಡ್ರೋನುಗಳನ್ನು ಮಾಡುವವನಿಗೆ ಒಂದೊಂದರ ಮೇಲೂ ಸಾವಿರ ರೂಪಾಯಿಯ ಹೊರೆ. ಲಕ್ಷ ಮಾಡುವವನಿಗೆ ಹತ್ತೇ ರೂಪಾಯಿ. ಷೆನ್‌ಜೆನ್ ನಗರದಲ್ಲಿ 2006ರಲ್ಲಿ ಸ್ಥಾಪನೆಯಾದ ಡಿಜೆಐ ಸಂಸ್ಥೆಯು ಇಡೀ ಜಗತ್ತಿಗೆ ಮಾರುತ್ತಿರುವುದರಿಂದ ಈ ಹೊರೆ ಅದಕ್ಕೆ ತಾಗುವುದೇ ಇಲ್ಲ. ಮೋಟಾರು, ಕ್ಯಾಮೆರಾ, ಬ್ಯಾಟರಿಗಳ ತಯಾರಕರೂ ಅದರ ನೆರೆಯಲ್ಲಿಯೇ ಇದ್ದಾರೆ.

ಇಂಥ ಸ್ಪರ್ಧೆಯೆದುರು ನಮ್ಮ ನಿರ್ಮಾಪಕರು ಬೇರೆ ದಾರಿ ಹಿಡಿದದ್ದು ಆಶ್ಚರ್ಯವಲ್ಲ. 2021ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಉತ್ಪಾದನಾ ಪ್ರೋತ್ಸಾಹಕ ಯೋಜನೆಯು ಮೂರು ವರ್ಷಗಳಿಗೆ 120 ಕೋಟಿ ರೂಪಾಯಿಗಳನ್ನು ಮೀಸಲಿಟ್ಟು, ದೇಶದೊಳಗೆ ಕೂಡಿಸಿದ ಮೌಲ್ಯದ ಶೇಕಡಾ 20ರಷ್ಟನ್ನು ಕೊಡುವುದಾಗಿ ಹೇಳಿತು. 2023ರಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಕೃಷಿ ಡ್ರೋನು ಒದಗಿಸುವ ಯೋಜನೆ ಬಂದಿತು. ಔಷಧ ಸಿಂಪಡಿಸುವ, ಭೂಮಾಪನದ, ಗಡಿ ಕಾಯುವ ಡ್ರೋನುಗಳಿಗೆ ಹೀಗೆ ಸರಕಾರವೇ ಗಿರಾಕಿಯಾಯಿತು; ಬೆಂಗಳೂರಿನ ಆಸ್ಟೀರಿಯಾ ಮೊದಲಾದ ಸಂಸ್ಥೆಗಳ ಕೆಲಸವೂ ಹೆಚ್ಚಾಗಿ ಇಂಥ ಕ್ಷೇತ್ರಗಳಲ್ಲಿಯೇ. ಸಾಮಾನ್ಯ ಗಿರಾಕಿಯ ಮಾತನ್ನು ಕೇಳಿದವರು ಕಡಿಮೆ. ಅವನ ಬಳಕೆಯ ಕ್ಯಾಮೆರಾ ಡ್ರೋನಿಗೆ ಶೇಕಡಾ 28ರವರೆಗೆ ಇದ್ದ ತೆರಿಗೆಯು 2025ರ ಸೆಪ್ಟೆಂಬರಿನಲ್ಲಿ 5ಕ್ಕೆ ಇಳಿದದ್ದು ತಡವಾದರೂ ಒಳ್ಳೆಯದಾಯಿತು.

ಈ ಸ್ಥಿತಿಯಲ್ಲಿ ಎಲ್ಲ ಭಾಗಗಳನ್ನೂ ಒಮ್ಮೆಲೇ ಇಲ್ಲಿಯೇ ಮಾಡುತ್ತೇವೆಂದು ಹೊರಡುವುದು ಅವಿವೇಕವೆಂದು ನಮಗೆ ತೋರುತ್ತದೆ. ಮೋಟಾರಿನ ತಾಮ್ರದ ಸುತ್ತು, ವೇಗ ನಿಯಂತ್ರಕದ ಫಲಕ, ಪ್ರೊಪೆಲ್ಲರು ಇವು ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳ ಅಳವಿಗೆ ಸಿಕ್ಕತಕ್ಕವು. ಒಂದು ತಕ್ಕಡಿ, ಒಂದು ಶಕ್ತಿಮಾಪಕ, ಮೋಟಾರನ್ನು ಬಿಗಿಯುವ ಒಂದು ಪೀಠ ಇದ್ದರೆ, ಒಂದು ವ್ಯಾಟಿಗೆ ಎಷ್ಟು ಗ್ರಾಮು ಎತ್ತುತ್ತದೆಂಬುದನ್ನು ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿಯೇ ಅಳೆದು ಪಟ್ಟಿಮಾಡಬಹುದು. ಪಟ್ಟದಕಲ್ಲಿನ ಕೆಲಸಕ್ಕಾದರೋ ಇನ್ನೊಂದು ನಿಬಂಧನೆಯುಂಟು. ಹತ್ತು ವರ್ಷಗಳ ಚಿತ್ರಗಳನ್ನು ಒಂದರೊಡನೊಂದು ಹೋಲಿಸಬೇಕಾದಲ್ಲಿ ಕ್ಯಾಮೆರಾದ ಗುಣ ಅಷ್ಟೂ ಕಾಲ ಗೊತ್ತಿರಬೇಕು. ಮಸೂರ ಬದಲಾದ ದಿನ ಹೊಸದಾಗಿ ಅಳತೆ ಹಿಡಿಯಬೇಕು. ಮುರಿದ ಭಾಗಕ್ಕೆ ಅದೇ ಜಾತಿಯ ಭಾಗ ಸಿಕ್ಕಬೇಕು. ಡ್ರೋನನ್ನು ಆರಿಸುವಾಗ ನಾವು ಅದರ ಬೆಲೆಗೆ ಮುಂಚೆ ಕೇಳುವುದು ಇದನ್ನೇ: ಇದರ ಮೋಟಾರು ಐದನೆಯ ವರ್ಷದಲ್ಲಿಯೂ ಯಾರ ಬಳಿ ಸಿಕ್ಕೀತು?