ಹಾಲಿನ ಪರೀಕ್ಷಾ ವರದಿಯಲ್ಲಿ ಪ್ರೋಟೀನ್ ಪ್ರಮಾಣ: ಲೆಕ್ಕಾಚಾರದ ಕ್ರಮ

ಹಾಲು ಅಥವಾ ಹಾಲಿನ ಪುಡಿಯ ಮಾದರಿಯನ್ನು ಪ್ರಯೋಗಾಲಯಕ್ಕೆ ಸಲ್ಲಿಸಿದಾಗ ದೊರೆಯುವ ವರದಿಯಲ್ಲಿ ಪ್ರೋಟೀನ್ ಪ್ರಮಾಣವನ್ನು ಶೇಕಡಾವಾರು ನಮೂದಿಸಲಾಗುತ್ತದೆ. ಈ ಅಂಕಿಯನ್ನು ಪಡೆಯುವ ಕ್ರಮವನ್ನೂ ಅದರ ಮಿತಿಯನ್ನೂ ಅರ್ಜಿದಾರರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಕೆಲ್ಡಾಲ್ ವಿಧಾನ

ಈ ಪರೀಕ್ಷೆಗೆ ಬಹುಕಾಲದಿಂದ ಆಧಾರವಾಗಿರುವುದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ರಸಾಯನಶಾಸ್ತ್ರಜ್ಞ ಯೋಹಾನ್ ಕೆಲ್ಡಾಲ್ ಅವರು 1883ರಲ್ಲಿ ಪ್ರಕಟಿಸಿದ ವಿಧಾನ. ಇದರಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ; ಮಾದರಿಯಲ್ಲಿರುವ ಸಾರಜನಕವನ್ನು ಅಳೆಯಲಾಗುತ್ತದೆ. ಹಿಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿ ಪ್ರೋಟೀನಿಗೆ ‘ಸಸಾರಜನಕ’ ಎಂಬ ಹೆಸರಿತ್ತು. ಪರೀಕ್ಷೆಯ ತಿರುಳು ಆ ಹೆಸರಿನಲ್ಲಿಯೇ ಇದೆ.

ಮಾದರಿಯನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿ, ಅನಂತರ ಕ್ಷಾರ ಸೇರಿಸಿ, ಹೊರಬರುವ ಅಮೋನಿಯಾವನ್ನು ಬೋರಿಕ್ ಆಮ್ಲದಲ್ಲಿ ಸಂಗ್ರಹಿಸಿ ಅಳೆಯುತ್ತಾರೆ. ಬಳಸುವ ರಾಸಾಯನಿಕಗಳಲ್ಲಿಯೂ ಅಲ್ಪ ಸಾರಜನಕ ಇರಬಹುದಾದ್ದರಿಂದ, ಮಾದರಿಯಿಲ್ಲದೆ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ನಡೆಸಿ ಅದರ ಫಲಿತಾಂಶವನ್ನು ಕಳೆಯಲಾಗುತ್ತದೆ.

ಹೀಗೆ ದೊರೆತ ಸಾರಜನಕವನ್ನು ಒಂದು ಪರಿವರ್ತನಾಂಕದಿಂದ ಗುಣಿಸಲಾಗುತ್ತದೆ. ಸಾಮಾನ್ಯ ಆಹಾರ ಪದಾರ್ಥಗಳಿಗೆ ಇದು 6.25, ಗೋಧಿಗೆ 5.70, ಹಾಲಿಗೆ 6.38. ಉದಾಹರಣೆಗೆ, 100 ಗ್ರಾಂ ಹಾಲಿನಲ್ಲಿ 0.52 ಗ್ರಾಂ ಸಾರಜನಕ ಇದ್ದಲ್ಲಿ ಪ್ರೋಟೀನ್ ಶೇ. 3.32 ಆಗುತ್ತದೆ. ಅದೇ ಹಾಲಿಗೆ 6.25 ಬಳಸಿದರೆ ಶೇ. 3.25 ಬರುತ್ತದೆ. ಎರಡು ವರದಿಗಳನ್ನು ಹೋಲಿಸುವವರು ಮೊದಲು ಪರಿವರ್ತನಾಂಕವನ್ನು ನೋಡತಕ್ಕದ್ದು. ಹಲವು ತಕರಾರುಗಳು ಅಲ್ಲಿಯೇ ಬಗೆಹರಿಯುತ್ತವೆ.

ಈ ಅಂಕಿ ತಿಳಿಸದ ವಿಷಯ

ಸಾರಜನಕವು ಪ್ರೋಟೀನಿನಿಂದ ಬಂದಿತೋ ಬೇರೆ ವಸ್ತುವಿನಿಂದ ಬಂದಿತೋ ಎಂಬುದನ್ನು ಈ ವಿಧಾನ ಗುರುತಿಸಲಾರದು. 100 ಗ್ರಾಂ ಹಾಲಿಗೆ 0.1 ಗ್ರಾಂ ಯೂರಿಯಾ ಬೆರೆಸಿದರೆ ಲೆಕ್ಕದಲ್ಲಿ ಪ್ರೋಟೀನ್ ಸುಮಾರು ಶೇ. 0.3ರಷ್ಟು ಏರುತ್ತದೆ. ನೀರು ಬೆರೆಸಿ ಶೇ. 3.0ಕ್ಕೆ ಇಳಿದ ಹಾಲು, ಕಾಗದದ ಮೇಲೆ ಶೇ. 3.3ರ ಹಾಲಾಗಿ ಕಾಣುತ್ತದೆ. ತೂಕದ ಮೂರನೇ ಎರಡರಷ್ಟು ಸಾರಜನಕವೇ ಆಗಿರುವ ಮೆಲಮೈನ್ ಇದಕ್ಕಿಂತಲೂ ಹೆಚ್ಚಿನ ಏರಿಕೆ ತೋರಿಸುತ್ತದೆ.

ಚೀನಾದಲ್ಲಿ 2008ರಲ್ಲಿ ನಡೆದದ್ದು ಇದೇ. ನೀರು ಬೆರೆಸಿದ ಹಾಲಿಗೆ ಮೆಲಮೈನ್ ಸೇರಿಸಲಾಗಿತ್ತು. ಆ ಹಾಲಿನಿಂದ ತಯಾರಿಸಿದ ಶಿಶು ಆಹಾರ ಸೇವಿಸಿದ ಸುಮಾರು 3 ಲಕ್ಷ ಮಕ್ಕಳು ಅಸ್ವಸ್ಥರಾದರು. ಅನೇಕರ ಮೂತ್ರಪಿಂಡದಲ್ಲಿ ಕಲ್ಲುಗಳು ಉಂಟಾದವು. 6 ಶಿಶುಗಳು ಮೃತಪಟ್ಟವು. ಪ್ರೋಟೀನ್ ಅಂಕಿ ಸರಿಯಾಗಿದ್ದುದೇ ಅಲ್ಲಿ ಮೋಸಕ್ಕೆ ಮರೆಯಾಯಿತು.

ಈ ದೋಷವನ್ನು ಕಡಿಮೆ ಮಾಡಲು ಟ್ರೈಕ್ಲೋರೋಅಸಿಟಿಕ್ ಆಮ್ಲದಿಂದ ಪ್ರೋಟೀನನ್ನು ಗಟ್ಟಿಗೊಳಿಸಿ ಸೋಸಿ, ದ್ರವದಲ್ಲಿ ಉಳಿದ ಸಾರಜನಕವನ್ನು ಒಟ್ಟು ಮೊತ್ತದಿಂದ ಕಳೆಯುವ ಕ್ರಮವಿದೆ. ಹೀಗೆ ಬಂದ ಫಲಿತಾಂಶಕ್ಕೆ ‘ನೈಜ ಪ್ರೋಟೀನ್’ ಎನ್ನುತ್ತಾರೆ. ಯೂರಿಯಾ ಮತ್ತು ಮೆಲಮೈನ್‌ಗೆ ಪ್ರತ್ಯೇಕ ಪರೀಕ್ಷೆಗಳಿವೆ. ಶುದ್ಧ ಹಾಲಿನಲ್ಲಿಯೂ ಸ್ವಲ್ಪ ಯೂರಿಯಾ ಸಹಜವಾಗಿಯೇ ಇರುತ್ತದೆ. ಆದ್ದರಿಂದ ‘ಯೂರಿಯಾ ಇದೆ’ ಎಂಬ ಒಂದೇ ಮಾತಿನಿಂದ ಹಾಲು ಮಾರುವವರನ್ನು ದೂಷಿಸುವುದು ನ್ಯಾಯವಲ್ಲ, ಪ್ರಮಾಣವನ್ನು ನೋಡಬೇಕು.

ಅರ್ಜಿದಾರರ ಗಮನಕ್ಕೆ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಕಲಂ 40ರ ಪ್ರಕಾರ ಯಾವುದೇ ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ, ತಾವು ಕೊಂಡ ಆಹಾರವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷಿಸಿಕೊಳ್ಳಬಹುದು. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಖರೀದಿಯ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸತಕ್ಕದ್ದು. ಆಹಾರವು ಕಾಯ್ದೆಗೆ ಅನುಗುಣವಾಗಿಲ್ಲವೆಂದು ವರದಿ ಬಂದಲ್ಲಿ ಪಾವತಿಸಿದ ಶುಲ್ಕವನ್ನು ಹಿಂಪಡೆಯಲು ಅವಕಾಶವಿದೆ.

ಕಲಬೆರಕೆಯ ಸಂಶಯವಿದ್ದವರು ಅರ್ಜಿಯಲ್ಲಿ ‘ಪ್ರೋಟೀನ್’ ಎಂದಷ್ಟೇ ಬರೆಯದೆ, ಯೂರಿಯಾ, ಮೆಲಮೈನ್ ಇತ್ಯಾದಿ ಯಾವ ವಸ್ತುವಿನ ಬಗ್ಗೆ ಸಂಶಯವಿದೆಯೋ ಅದರ ಹೆಸರನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು.